ಮಳೆಗಾಲದ ತುರಿಕೆಗೆ ಸ್ಟೀರಾಯ್ಡ್ ಕ್ರೀಮ್: ಹಚ್ಚುವ ಮುನ್ನ ಈ ವಿಷಯಗಳು ಗೊತ್ತಿರಲಿ

ಸಾಂತಾಕ್ರೂಜ್ (ಮುಂಬೈ): ಮುಂಬೈ ಮಳೆಯ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಹೆಸರು ಸಾಂತಾಕ್ರೂಜ್. ಹವಾಮಾನ ಇಲಾಖೆಯ ವೀಕ್ಷಣಾಲಯ ಇರುವುದು ಇಲ್ಲೇ. 2005ರ ಜುಲೈ 26ರಂದು 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಗಿದ್ದೂ ಇಲ್ಲೇ. ಮಳೆ, ಸೆಕೆ, ಬೆವರು, ಒಣಗದ ಬಟ್ಟೆ, ಲೋಕಲ್ ರೈಲಿನ ನೂಕುನುಗ್ಗಲು ಎಲ್ಲ ಸೇರಿದರೆ ಚರ್ಮದ ತೊಂದರೆಗಳು ಹೆಚ್ಚುತ್ತವೆ. ತೊಡೆಸಂದಿಯಲ್ಲಿ ಹುಳಕಡ್ಡಿ, ಬೆರಳ ಸಂದಿನಲ್ಲಿ ತುರಿಕೆ, ಕೈಯಲ್ಲಿ ಇಸುಬು ಕಾಣಿಸಿಕೊಳ್ಳುತ್ತವೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ, ಹತ್ತಿರದ ಮೆಡಿಕಲ್ ಅಂಗಡಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುವುದು.

ಹೀಗೆ ಕೈಗೆ ಬರುವ ಟ್ಯೂಬ್‌ನಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಸರಿಯಾದ ಕಾಯಿಲೆಗೆ, ಸರಿಯಾದ ಪ್ರಮಾಣದಲ್ಲಿ, ಸರಿಯಾದಷ್ಟು ದಿನ ಹಚ್ಚಿದರೆ ಇದು ಒಳ್ಳೆಯ ಔಷಧ. ತಪ್ಪಾಗಿ ಹಚ್ಚಿದರೆ ಸಣ್ಣ ಕಾಯಿಲೆಯನ್ನೂ ವರ್ಷಗಟ್ಟಲೆ ಕಾಡುವಂತೆ ಮಾಡುತ್ತದೆ. ಇದನ್ನು ಸುರಕ್ಷಿತವಾಗಿ ಬಳಸುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಸ್ಟೀರಾಯ್ಡ್ ಕ್ರೀಮ್ ಏನು ಮಾಡುತ್ತದೆ?

ನಮ್ಮ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತದೆ. ಅದರಂತೆಯೇ ಕೆಲಸ ಮಾಡುವ ರಾಸಾಯನಿಕಗಳೇ ಈ ಕ್ರೀಮ್‌ಗಳಲ್ಲಿ ಇರುವುದು. ಚರ್ಮದ ಉರಿಯೂತವನ್ನು, ಅಂದರೆ ಕೆಂಪು, ಊತ, ತುರಿಕೆಯನ್ನು, ಇವು ತಗ್ಗಿಸುತ್ತವೆ. ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ 1952ರಲ್ಲಿ ಬಳಕೆಗೆ ಬಂದ ಮೇಲೆ ಚರ್ಮರೋಗ ಚಿಕಿತ್ಸೆಯ ದಾರಿಯೇ ಬದಲಾಯಿತು.

ಇಸುಬು (ಎಕ್ಜಿಮಾ), ಸೋರಿಯಾಸಿಸ್, ಸೋಪು ಅಥವಾ ಆಭರಣದ ಅಲರ್ಜಿಯಿಂದ ಬರುವ ದದ್ದುಗಳಿಗೆ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಮುಂಬೈಯ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದಿನವಿಡೀ ನೀರು, ಸೋಪಿನ ಪುಡಿ, ಬೆಳ್ಳುಳ್ಳಿ, ಈರುಳ್ಳಿ ಮುಟ್ಟುವವರ ಕೈ ಒಡೆದು ತುರಿಸುವುದೂ ಇದೇ ಬಗೆಯ ಕಾಯಿಲೆ. ಅಲ್ಲಿ ಕ್ರೀಮ್ ಕೆಲಸ ಮಾಡುತ್ತದೆ. ಆದರೆ ಕೈಯನ್ನು ನೀರು, ಸೋಪಿನಿಂದ ದೂರ ಇಡದಿದ್ದರೆ ಕಾಯಿಲೆ ಮತ್ತೆ ಮರಳುತ್ತದೆ.

ಹುಳಕಡ್ಡಿಗೆ ಹಚ್ಚಿದರೆ ಏನಾಗುತ್ತದೆ?

ಹುಳಕಡ್ಡಿ ಶಿಲೀಂಧ್ರದಿಂದ, ಅಂದರೆ ಫಂಗಸ್‌ನಿಂದ, ಬರುವ ಸೋಂಕು. ಸ್ಟೀರಾಯ್ಡ್ ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ನಿಂತು, ಕೆಂಪು ಇಳಿದು "ವಾಸಿಯಾಯಿತು" ಎನಿಸುತ್ತದೆ. ನಿಜವಾಗಿ ಆಗುವುದೇ ಬೇರೆ. ಸೋಂಕಿನ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೇ ಸ್ಟೀರಾಯ್ಡ್ ಅಡಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಕ್ರೀಮ್ ನಿಲ್ಲಿಸಿದ ತಕ್ಷಣ ಕಾಯಿಲೆ ಮೊದಲಿಗಿಂತ ದೊಡ್ಡದಾಗಿ ಮರಳುತ್ತದೆ. ದುಂಡಗಿನ ಅಂಚು ಅಳಿಸಿಹೋಗಿ ಗುರುತೇ ಬದಲಾಗುವುದರಿಂದ ವೈದ್ಯರಿಗೂ ಪತ್ತೆ ಹಚ್ಚುವುದು ಕಷ್ಟವಾಗುತ್ತದೆ.

ಒಂದೇ ಟ್ಯೂಬ್‌ನಲ್ಲಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಕ್ರೀಮ್‌ಗಳು ನಮ್ಮಲ್ಲಿ ಹೇರಳವಾಗಿ ಸಿಗುತ್ತವೆ. "ಎಲ್ಲಕ್ಕೂ ಒಂದೇ" ಎನಿಸುವ ಇವುಗಳಲ್ಲಿ ಬಹಳ ಸಲ ಇರುವುದು ಅತಿ ಪ್ರಬಲವಾದ ಕ್ಲೋಬೆಟಾಸೋಲ್. ಸಾಮಾನ್ಯ ಔಷಧಕ್ಕೆ ಬಗ್ಗದ ಹುಳಕಡ್ಡಿ ಈಗ ದೇಶದೆಲ್ಲೆಡೆ ಕಾಣಿಸುತ್ತಿದೆ. ಇದಕ್ಕೆ ಕಾರಣವಾದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಇಟ್ಟ ಹೆಸರು ಟ್ರೈಕೋಫೈಟನ್ ಇಂಡೊಟಿನಿಯೆ. ಇಂಥ ಮಿಶ್ರಣ ಕ್ರೀಮ್‌ಗಳ ದುರ್ಬಳಕೆಯೂ ಈ ಸಮಸ್ಯೆಗೆ ಒಂದು ಕಾರಣ ಎಂದು ಚರ್ಮರೋಗ ತಜ್ಞರು ಹೇಳುತ್ತಾರೆ.

ಮೊಡವೆ, ಸರ್ಪಸುತ್ತು, ಕೀವು ತುಂಬಿದ ಗಾಯ, ಕಜ್ಜಿ ಇವಕ್ಕೂ ಸ್ವಂತ ನಿರ್ಧಾರದಿಂದ ಸ್ಟೀರಾಯ್ಡ್ ಹಚ್ಚಬಾರದು.

ಎಲ್ಲ ಸ್ಟೀರಾಯ್ಡ್‌ಗಳೂ ಒಂದೇ ಅಲ್ಲ

ಇವುಗಳಲ್ಲಿ ಮುಖ್ಯವಾಗಿ ನಾಲ್ಕು ದರ್ಜೆಗಳಿವೆ:

* ಸೌಮ್ಯ: ಹೈಡ್ರೋಕಾರ್ಟಿಸೋನ್ 1%
* ಮಧ್ಯಮ: ಕ್ಲೋಬೆಟಾಸೋನ್ ಬ್ಯುಟಿರೇಟ್
* ಪ್ರಬಲ: ಮೊಮೆಟಾಸೋನ್, ಬೆಟಾಮೆಥಾಸೋನ್ ವ್ಯಾಲರೇಟ್ (ಬೆಟ್ನೋವೇಟ್‌ನಲ್ಲಿರುವುದು ಇದೇ)
* ಅತಿ ಪ್ರಬಲ: ಕ್ಲೋಬೆಟಾಸೋಲ್ ಪ್ರೊಪಿಯೊನೇಟ್, ಹ್ಯಾಲೋಬೆಟಾಸೋಲ್

ಇಲ್ಲಿ ಎರಡು ವಿಷಯ ಗಮನಿಸಿ. ಶೇಕಡಾ ಅಂಕಿ ನೋಡಿ ಶಕ್ತಿ ಅಳೆಯಬೇಡಿ. 0.05% ಕ್ಲೋಬೆಟಾಸೋಲ್, 1% ಹೈಡ್ರೋಕಾರ್ಟಿಸೋನ್‌ಗಿಂತ ಎಷ್ಟೋ ಪಟ್ಟು ಪ್ರಬಲ. ಹಾಗೆಯೇ ಕ್ಲೋಬೆಟಾಸೋನ್ ಮತ್ತು ಕ್ಲೋಬೆಟಾಸೋಲ್ ಹೆಸರಿನಲ್ಲಿ ಹತ್ತಿರವಾದರೂ ಶಕ್ತಿಯಲ್ಲಿ ಬಹಳ ದೂರ. ಅಂಗಡಿಯಲ್ಲಿ ಟ್ಯೂಬ್ ಪಡೆಯುವಾಗ ಚೀಟಿಯಲ್ಲಿರುವ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಎಷ್ಟು ಹಚ್ಚಬೇಕು? ಬೆರಳ ತುದಿಯ ಲೆಕ್ಕ

"ತೆಳುವಾಗಿ ಹಚ್ಚಿ" ಎಂದರೆ ಎಷ್ಟು ಎಂಬ ಗೊಂದಲ ಎಲ್ಲರಿಗೂ ಇದೆ. ಇದಕ್ಕೆ ವೈದ್ಯರು ಬಳಸುವ ಸುಲಭ ಅಳತೆ ಬೆರಳ ತುದಿ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್‌ನಿಂದ ಹಿಂಡಿದ ಕ್ರೀಮ್ ಒಂದು ಅಳತೆ. ಇದು ಸುಮಾರು ಅರ್ಧ ಗ್ರಾಂ. ಬೆರಳು ಜೋಡಿಸಿದ ಎರಡು ಅಂಗೈಯಷ್ಟು ಜಾಗಕ್ಕೆ ಇಷ್ಟು ಸಾಕು.

ದೊಡ್ಡವರಿಗೆ ಒಂದು ಸಲಕ್ಕೆ ಬೇಕಾಗುವ ಅಳತೆ:

* ಮುಖ ಮತ್ತು ಕುತ್ತಿಗೆ: 2.5
* ಒಂದು ಹಸ್ತದ ಎರಡೂ ಬದಿ: 1
* ಒಂದು ತೋಳು, ಹಸ್ತ ಬಿಟ್ಟು: 3
* ಒಂದು ಕಾಲು, ಪಾದ ಬಿಟ್ಟು: 6
* ಒಂದು ಪಾದ: 2
* ಎದೆ ಮತ್ತು ಹೊಟ್ಟೆ: 7
* ಬೆನ್ನು ಮತ್ತು ಪೃಷ್ಠ: 7

ಒಂದು ತೋಳು ಮತ್ತು ಹಸ್ತಕ್ಕೆ ಪೂರ್ತಿ ಹಚ್ಚಬೇಕಾದರೆ 4 ಅಳತೆ, ಅಂದರೆ 2 ಗ್ರಾಂ. ದಿನಕ್ಕೆ ಒಂದು ಸಲದಂತೆ ವಾರಕ್ಕೆ 14 ಗ್ರಾಂ. ಅಷ್ಟು ಜಾಗಕ್ಕೆ 15 ಗ್ರಾಂ ಟ್ಯೂಬನ್ನು ಒಂದು ತಿಂಗಳು ಎಳೆದರೆ ಔಷಧ ಕಡಿಮೆಯಾಗಿ ಕಾಯಿಲೆ ಹತೋಟಿಗೆ ಬರುವುದಿಲ್ಲ. ಹೆದರಿ ಕಡಿಮೆ ಹಚ್ಚುವುದೂ ತಪ್ಪೇ.

ಮಕ್ಕಳಿಗೆ ಅಳತೆ ಬಹಳ ಕಡಿಮೆ. 1ರಿಂದ 2 ವರ್ಷದ ಮಗುವಿನ ಮುಖ, ಕುತ್ತಿಗೆಗೆ ದೊಡ್ಡವರ ಬೆರಳಿನ ಒಂದೂವರೆ ಅಳತೆ ಸಾಕು. ಡಯಾಪರ್ ಕಟ್ಟುವ ಜಾಗದಲ್ಲಿ ವೈದ್ಯರು ಹೇಳದೆ ಹಚ್ಚಲೇಬಾರದು. ಡಯಾಪರ್ ಮುಚ್ಚಿದಾಗ ಔಷಧ ಹೆಚ್ಚಾಗಿ ಒಳಗೆ ಇಳಿಯುತ್ತದೆ.

ಮುಖ, ತೊಡೆಸಂದಿ ಬಗ್ಗೆ ಏಕೆ ಎಚ್ಚರ?

ಚರ್ಮ ತೆಳುವಾದಷ್ಟೂ ಔಷಧ ಹೆಚ್ಚು ಹೀರಿಕೊಳ್ಳುತ್ತದೆ. ಮುಂಗೈಗೆ ಹೋಲಿಸಿದರೆ ಹಣೆ ಸುಮಾರು 6 ಪಟ್ಟು, ವೃಷಣದ ಚರ್ಮ ಸುಮಾರು 40 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು 1967ರಲ್ಲೇ ಪ್ರಕಟವಾದ ಪ್ರಯೋಗ ತೋರಿಸಿತ್ತು. ಆದ್ದರಿಂದ ಅಂಗಾಲಿಗೆ ಕೊಟ್ಟ ಕ್ರೀಮನ್ನು ಮುಖಕ್ಕೆ ಹಚ್ಚಬಾರದು. ಕಣ್ಣಿನ ಸುತ್ತ ದೀರ್ಘಕಾಲ ಹಚ್ಚಿದರೆ ಗ್ಲಾಕೋಮಾ, ಕಣ್ಣಿನ ಪೊರೆಯ ಅಪಾಯವಿದೆ.

ಬಿಳಿಯಾಗಲು, ಬಂಗು ಹೋಗಲಾಡಿಸಲು ಸ್ಟೀರಾಯ್ಡ್ ಹಚ್ಚುವ ಚಟ ನಮ್ಮಲ್ಲಿ ದೊಡ್ಡದು. 2011ರಲ್ಲಿ ಭಾರತೀಯ ಚರ್ಮರೋಗ ತಜ್ಞರ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಗೆ ಬಂದ 2,926 ಜನರಲ್ಲಿ 433 ಮಂದಿ, ಅಂದರೆ ಶೇ. 14.8 ಜನ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಸೂಚಿಸಿದ್ದು ವೈದ್ಯರಲ್ಲ. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುವುದು, ಮೊಡವೆ, ಅನಗತ್ಯ ಕೂದಲು, ಬಿಸಿಲಿಗೆ ಉರಿ ಶುರುವಾಗುತ್ತದೆ. ಕ್ರೀಮ್ ಬಿಟ್ಟರೆ ಮುಖ ಕೆಂಡದಂತೆ ಉರಿಯುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ.

ಎಷ್ಟು ದಿನ? ನಿಲ್ಲಿಸುವುದು ಹೇಗೆ?

ಸಾಮಾನ್ಯವಾಗಿ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಅದಕ್ಕಿಂತ ಹೆಚ್ಚು ಹಚ್ಚಿದರೆ ಲಾಭ ಹೆಚ್ಚುವುದಿಲ್ಲ. ಕ್ಲೋಬೆಟಾಸೋಲ್‌ನಂಥ ಅತಿ ಪ್ರಬಲ ಔಷಧವನ್ನು ವೈದ್ಯರ ನಿಗಾ ಇಲ್ಲದೆ 2 ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಂಗಿಂತ ಹೆಚ್ಚು ಬಳಸಬಾರದು.

ಕೆಲವು ದಿನ ಮಾತ್ರ ಬಳಸಿದ್ದರೆ, ಕಾಯಿಲೆ ಇಳಿದ ಮೇಲೆ ನಿಲ್ಲಿಸಬಹುದು. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ಬಿಡಬೇಡಿ, ವೈದ್ಯರನ್ನು ಕಾಣಿ. ಅವರು ಕಡಿಮೆ ಶಕ್ತಿಯ ಕ್ರೀಮ್‌ಗೆ ಇಳಿಸಿ, ದಿನ ಬಿಟ್ಟು ದಿನ ಮಾಡಿ ಮೆಲ್ಲಗೆ ಬಿಡಿಸುತ್ತಾರೆ, ಇಲ್ಲವೇ ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಔಷಧ ಕೊಡುತ್ತಾರೆ.

ಹಚ್ಚುವಾಗ ಪಾಲಿಸಬೇಕಾದ ಕ್ರಮಗಳು

* ಸ್ನಾನದ ನಂತರ ಮೈ ಒರೆಸಿಕೊಂಡು, ಕಾಯಿಲೆ ಇರುವ ಜಾಗಕ್ಕೆ ಮಾತ್ರ ಹಚ್ಚಿ.
* ಮಾಯಿಶ್ಚರೈಸರ್ ಮತ್ತು ಸ್ಟೀರಾಯ್ಡ್ ನಡುವೆ ಅರ್ಧ ಗಂಟೆ ಅಂತರವಿರಲಿ. ಇಸುಬು ಇದ್ದವರು ಸ್ಟೀರಾಯ್ಡ್ ನಿಲ್ಲಿಸಿದ ಮೇಲೂ ಮಾಯಿಶ್ಚರೈಸರ್ ಬಿಡಬಾರದು.
* ವೈದ್ಯರು ಹೇಳದೆ ಮೇಲೆ ಪ್ಲಾಸ್ಟಿಕ್ ಅಥವಾ ಬಿಗಿಯಾದ ಬ್ಯಾಂಡೇಜ್ ಸುತ್ತಬೇಡಿ.
* ಹಚ್ಚಿದ ಮೇಲೆ ಕೈ ತೊಳೆಯಿರಿ. ಕೈಗೇ ಚಿಕಿತ್ಸೆ ಇದ್ದರೆ ತೊಳೆಯಬೇಡಿ.
* ಒಂದೇ ಕೋಣೆಯಲ್ಲಿ ಹಲವರು ಇದ್ದರೆ ಟವೆಲ್, ಬಟ್ಟೆ, ಟ್ಯೂಬ್ ಯಾವುದನ್ನೂ ಹಂಚಿಕೊಳ್ಳಬೇಡಿ.
* ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಿ.

ಕಾನೂನು ಏನು ಹೇಳುತ್ತದೆ?

2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಈ ಪಟ್ಟಿಯ ಔಷಧವನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಡಬ್ಬಿಯ ಮೇಲಿನ 'ಆರ್‌ಎಕ್ಸ್' ಗುರುತು ಇದನ್ನೇ ಸೂಚಿಸುತ್ತದೆ. ಚೀಟಿ ಇಲ್ಲದೆ ಟ್ಯೂಬ್ ಸಿಕ್ಕಿತೆಂದ ಮಾತ್ರಕ್ಕೆ ಅದು ಅಪಾಯವಿಲ್ಲದ ಔಷಧ ಎಂದು ಭಾವಿಸಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಒಂದೆರಡು ವಾರದಲ್ಲಿ ಗುಣ ಕಾಣದಿದ್ದರೆ, ಕಾಯಿಲೆ ಹರಡಿದರೆ, ಕೀವು, ಜ್ವರ, ನೋವಿನ ನೀರ್ಗುಳ್ಳೆ ಕಾಣಿಸಿದರೆ, ಚರ್ಮ ತೆಳುವಾಗಿ ಗೆರೆ ಬಿದ್ದರೆ ತಡಮಾಡಬೇಡಿ. ಸಾಂತಾಕ್ರೂಜ್ ಪೂರ್ವದಲ್ಲಿ ಪಾಲಿಕೆಯ ವಿ.ಎನ್. ದೇಸಾಯಿ ಆಸ್ಪತ್ರೆ ಇದೆ. ಸಯನ್ ಆಸ್ಪತ್ರೆ, ಪರೇಲ್‌ನ ಕೆಇಎಂ ಮುಂತಾದ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನೂ ಜೊತೆಗೆ ಒಯ್ಯಿರಿ. ಖಾಲಿಯಾದ ಟ್ಯೂಬ್ ಕೂಡ ವೈದ್ಯರಿಗೆ ಉಪಯೋಗಕ್ಕೆ ಬರುತ್ತದೆ.

(ಗಮನಿಸಿ: ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಯಾವುದೇ ಔಷಧ ಆರಂಭಿಸುವ ಅಥವಾ ನಿಲ್ಲಿಸುವ ಮುನ್ನ ವೈದ್ಯರ ಸಲಹೆ ಪಡೆಯಿರಿ.)