ಸೆಡ್ಡು

ಟಿಕೆಟ್ ಸಿಗದ ನಾಯಕ ಪಕ್ಷಕ್ಕೆ ಸೆಡ್ಡು ಹೊಡೆಯುತ್ತಾನೆ. ಹೊಸ ಮೊಬೈಲು ಹಳೇ ಕಂಪನಿಗೆ ಸೆಡ್ಡು ಹೊಡೆಯುತ್ತದೆ. ಬೆಂಗಳೂರಿನ ನಮ್ಮ ಉತ್ತರಹಳ್ಳಿಯ ಟೀ ಅಂಗಡಿಗಳಲ್ಲಿ ಚುನಾವಣೆ ಮಾತು ಬಂದರೆ ಸಾಕು, ಈ ಪದ ಬಾಯಿಗೆ ಬಂದೇ ಬರುತ್ತದೆ. ಇಷ್ಟೊಂದು ಬಳಕೆಯಲ್ಲಿ ಅದು ಸವೆಯುತ್ತಿದೆ ಅಂತ ನನಗೆ ಸಂಕಟ.

ಸೆಡ್ಡು ಗರಡಿಮನೆಯ ಮಾತು. ಅರಿಶಿನ, ತುಪ್ಪ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಗೆ ಪೈಲ್ವಾನ ಇಳಿಯುತ್ತಾನೆ. ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ. ಎಡಗೈ ಮಡಿಸಿ ಎದೆಗೆ ಆನಿಸಿ, ಬಲಗೈಯನ್ನು ಬೊಗಸೆಯಂತೆ ಬಾಗಿಸಿ ರಟ್ಟೆಯ ಮೇಲೆ ಅಪ್ಪಳಿಸುತ್ತಾನೆ. ಅಂಗೈಯೊಳಗೆ ಸಿಕ್ಕ ಗಾಳಿ ಸಿಡಿದು ಬರುವ ಸದ್ದು ಅಖಾಡದ ಕೊನೇ ಸಾಲಿನವರೆಗೂ ಕೇಳುತ್ತದೆ. ಕೆಲವರು ತೊಡೆ ತಟ್ಟುತ್ತಾರೆ, ಅದೂ ಸೆಡ್ಡೇ. ಮರಾಠಿಯವರು ಇದನ್ನೇ ಶಡ್ಡೂ ಅನ್ನುತ್ತಾರೆ. ಕೊಲ್ಹಾಪುರದ ಮಟ್ಟಿಗೂ ನಮ್ಮ ಬೆಳಗಾವಿ ಕಡೆಯ ಮಟ್ಟಿಗೂ ಹಿಂದಿನಿಂದ ಹೋಗಿಬರುವ ನಂಟಿದೆ. ಸೆಡ್ಡು ಹೊಡೆದವನು ಎದುರಾಳಿಯ ಮೈ ಮುಟ್ಟಿಲ್ಲ, ಒಂದು ಮಾತೂ ಆಡಿಲ್ಲ. ಪೆಟ್ಟು ಬಿದ್ದದ್ದು ಅವನದೇ ಮೈಗೆ. ಆದರೆ ಇನ್ನು ಅವನು ಕುಸ್ತಿ ಹಿಡಿಯಲೇಬೇಕು; ಹಿಂದೆ ಸರಿದರೆ ಊರಿಗೆ ಊರೇ ನೋಡಿರುತ್ತದೆ.

ಇಂಗ್ಲಿಷರು ಹೀಗೆ ಸವಾಲು ಹಾಕುವುದಕ್ಕೆ ಕೈಗವಸು ಎಸೆಯುವುದು ಅನ್ನುತ್ತಾರೆ. ಕವಚ ತೊಟ್ಟ ಸರದಾರ ತನ್ನ ಉಕ್ಕಿನ ಕೈಗವಸು ಕಳಚಿ ನೆಲಕ್ಕೆ ಹಾಕಿದರೆ ಯುದ್ಧಕ್ಕೆ ಕರೆದಂತೆ, ಎದುರಿನವನು ಎತ್ತಿಕೊಂಡರೆ ಒಪ್ಪಿದಂತೆ. ಅವರ ರಾಜರ ಪಟ್ಟಾಭಿಷೇಕದ ಔತಣದಲ್ಲಿ ಒಬ್ಬ ವೀರ ಕುದುರೆಯೇರಿ ಬಂದು, ಈ ರಾಜನನ್ನು ಒಪ್ಪದವರು ಎದ್ದು ಬನ್ನಿ ಎಂದು ಕೈಗವಸು ಎಸೆಯುವ ಪದ್ಧತಿಯಿತ್ತು. 1821ರಲ್ಲಿ ನಾಲ್ಕನೇ ಜಾರ್ಜನ ಪಟ್ಟಾಭಿಷೇಕದಲ್ಲಿ ನಡೆದದ್ದೇ ಕೊನೆ. ನಮ್ಮ ಕಾವ್ಯಗಳ ರಣವೀಳ್ಯವೂ ಇದರ ಹತ್ತಿರದ್ದೇ: ವೀಳ್ಯ ಎತ್ತಿಕೊಂಡವನು ಯುದ್ಧಕ್ಕೆ ಒಪ್ಪಿದ ಹಾಗೆ.

ವಸ್ತುವಿಟ್ಟು ಸವಾಲು ಹಾಕಿದ ಒಂದು ಕಥೆ ಮೈಸೂರಿನವರ ಬಾಯಲ್ಲಿ ಇನ್ನೂ ಇದೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿದ್ದನಂತೆ. ಅದರ ಕೆಳಗೆ ನುಸಿದು ಹೋದವರೆಲ್ಲ ಅವನಿಗಿಂತ ಕಡಿಮೆ ಅಂತ ಲೆಕ್ಕ. ಕಂಠೀರವ ನರಸರಾಜ ಒಡೆಯರು, ಇನ್ನೂ ಪಟ್ಟಕ್ಕೆ ಬರುವ ಮುಂಚೆ, ಗುರುತು ಮರೆಸಿಕೊಂಡು ಅಲ್ಲಿಗೆ ಹೋಗಿ ಆ ಜಟ್ಟಿಯನ್ನು ಕೆಡವಿ ಬಂದರು ಎನ್ನುತ್ತದೆ ಕಥೆ. 1638ರಲ್ಲಿ ಅವರು ಪಟ್ಟವೇರಿದರು. 1960ರಲ್ಲಿ ರಾಜ್‌ಕುಮಾರ್ 'ರಣಧೀರ ಕಂಠೀರವ'ನಾದ ಮೇಲೆ ಆ ಹೆಸರು ಮನೆಮನೆಗೆ ಹೋಯಿತು. ನನ್ನನ್ನು ಹಿಡಿದಿಟ್ಟಿರುವುದು ಗೆಲುವಿಗಿಂತ ಆ ಪಯಣ. ತೂಗುಹಾಕಿದ ಚಲ್ಲಣಕ್ಕೆ ಮೈಸೂರಲ್ಲೇ ಕೂತು ಉತ್ತರ ಕೊಡಲಾಗುತ್ತಿರಲಿಲ್ಲ, ಅಲ್ಲಿಗೇ ಹೋಗಿ ಮಟ್ಟಿಗಿಳಿಯಬೇಕಿತ್ತು.

ಪಕ್ಷಕ್ಕೆ ಸೆಡ್ಡು ಹೊಡೆದ ನಾಯಕ ವಾರ ಕಳೆಯುವಷ್ಟರಲ್ಲಿ ಅದೇ ಪಕ್ಷದ ಶಾಲು ಹೊದ್ದು ನಗುತ್ತಾನೆ. ಅದು ಮುನಿಸು, ಚೌಕಾಸಿ. ಅದಕ್ಕೆ ಬೇರೆ ಪದಗಳು ಬೇಕಾದಷ್ಟಿವೆ. ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ: ಉತ್ತರಹಳ್ಳಿಗೆ ಹತ್ತಿರದಲ್ಲೇ ಇರುವ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಅರಣ್ಯ ಇಲಾಖೆಯ ಯೋಜನೆ ಬಂದಾಗ, 2021ರಲ್ಲಿ ಸುತ್ತಮುತ್ತಲ ಬಡಾವಣೆಗಳ ಜನ ಬೀದಿಗಿಳಿದರು. ಕಾಡು ಕಾಡಾಗಿಯೇ ಇರಲಿ, ನಮಗೆ ಬೆಂಚೂ ಬೇಡ, ಕಾಲುದಾರಿಗೆ ಕಲ್ಲುಹಾಸೂ ಬೇಡ ಎಂಬುದು ಅವರ ಹಟ. ನಾಳೆಯೂ ಅದೇ ಕಾಡಿನ ಅಂಚಲ್ಲಿ ಬಾಳಬೇಕಾದವರು, ಅದೇ ಇಲಾಖೆಯ ಕಚೇರಿಗೆ ಅರ್ಜಿ ಹಿಡಿದು ಹೋಗಬೇಕಾದವರು, ಮುಖ ಮರೆಸಿಕೊಳ್ಳದೆ ಎದುರು ನಿಂತರು. ಸೆಡ್ಡು ಹೊಡೆದರು ಎಂದು ನಾನು ಬರೆಯುವುದಾದರೆ ಇಂಥವರ ಬಗ್ಗೆ ಬರೆಯುತ್ತೇನೆ.