ಕೊಳೆರೋಗದ ನಾಡಿನಲ್ಲಿ ತೋಟಿಗರೂ ವಿಜ್ಞಾನಿಗಳೂ

‘ಕೊಳೆರೋಗ’ ನಮ್ಮ ತೋಟಿಗರ ಬಾಯಿಮಾತು. 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್, ಕಾಫಿ ಗಿಡವನ್ನು ಕೊಳೆಸುವ ಶಿಲೀಂಧ್ರವೊಂದಕ್ಕೆ ಹೆಸರಿಡುವಾಗ ಈ ಪದವನ್ನು ಹಾಗೆಯೇ ಎತ್ತಿಕೊಂಡರು. ಅಲ್ಲಿಂದಾಚೆಗೆ ಅದು ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳ ನಡುವೆ ಸೇರಿಹೋಯಿತು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಿಗೆ ಈ ಹೆಸರನ್ನು ಯಾರೂ ಪರಿಚಯಿಸಬೇಕಿಲ್ಲ. ಆಷಾಢದ ಮಳೆ ಬಿಡದೆ ಹಿಡಿದರೆ ಎಳೆಗಾಯಿಗಳು ಕೊಳೆತು ಮರದ ಬುಡದಲ್ಲಿ ರಾಶಿ ಬೀಳುತ್ತವೆ. ಹಿಂದಿನವರು ಕೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ಕಾರಣ ತಿಳಿಯದಿದ್ದರೂ ಉಪಾಯ ಸರಿಯಾಗಿಯೇ ಇತ್ತು.

1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಹೆಸರು ಮಾಡಿದ್ದ ಬೋರ್ಡೋ ದ್ರಾವಣ ನಮ್ಮ ಅಡಿಕೆಗೂ ಮದ್ದಾಯಿತು. ಮೈಲುತುತ್ತ, ಸುಣ್ಣ, ನೀರು: ಇಷ್ಟೇ ಸಾಮಗ್ರಿ. ಆದರೆ ಜಾರುವ ಮರವನ್ನೇರಿ ಪ್ರತಿ ಕೊನೆಗೂ ಅದನ್ನು ಸಿಂಪಡಿಸುವವನು ಕೊನೆಗಾರ. ಅವನಿಲ್ಲದಿದ್ದರೆ ವರದಿ ಕಪಾಟಿನಲ್ಲೇ ಉಳಿಯುತ್ತಿತ್ತು. ಇತಿಹಾಸದಲ್ಲಿ ಕೋಲ್ಮನ್‌ರ ಹೆಸರಿದೆ, ಅವನದಿಲ್ಲ.

ಕಾಫಿಯ ಕಥೆ ಇನ್ನೂ ಸ್ವಾರಸ್ಯಕರ. ಎಲೆ ತುಕ್ಕು ರೋಗಕ್ಕೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ಆರಂಭವಾಯಿತು. ಭಾರತದ ಕಾಫಿ ಸಂಶೋಧನೆಯ ಮೊದಲ ನೆಲೆ ಇದೇ. 1925ರಲ್ಲಿ ಕೋಲ್ಮನ್‌ರ ಮಾರ್ಗದರ್ಶನದಲ್ಲಿ ಬಾಳೆಹೊನ್ನೂರಿನ ಬಳಿ ಕಾಯಂ ಪ್ರಯೋಗ ಕೇಂದ್ರ ತಲೆಯೆತ್ತಿತು. ತುಕ್ಕಿನ ಶಿಲೀಂಧ್ರದಲ್ಲಿ ಬೇರೆ ಬೇರೆ ಪ್ರಭೇದಗಳಿವೆ ಎಂದು 1930ರ ದಶಕದ ಆರಂಭದಲ್ಲಿ ಇಲ್ಲಿಯೇ ಮೇಯ್ನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಒಮ್ಮೆ ರೋಗ ತಡೆದ ತಳಿ ಮುಂದೆ ಸೋಲುವುದೇಕೆಂಬ ಒಗಟು ಹೀಗೆ ಬಿಡಿಸಿಕೊಂಡಿತು.

ಅಂಥ ತಳಿಗಳಲ್ಲೊಂದು ‘ಕೆಂಟ್ಸ್’. ಅದನ್ನು 1911ರಲ್ಲಿ ಆರಿಸಿದ್ದು ಪ್ರಯೋಗಶಾಲೆಯಲ್ಲ, ಮೈಸೂರು ಸೀಮೆಯ ಕಾಫಿ ಬೆಳೆಗಾರ ಕೆಂಟ್. ಬಾಳೆಹೊನ್ನೂರಿನ ತಜ್ಞರು ಅದನ್ನೇ ‘ಎಸ್. 288’ರೊಡನೆ ಸಂಕರ ಮಾಡಿ 1940ರ ದಶಕದಲ್ಲಿ ‘ಎಸ್. 795’ ತಳಿಯನ್ನು ಕೊಟ್ಟರು. ಒಬ್ಬ ತೋಟದವನ ಕಣ್ಣು ಮತ್ತು ಸರ್ಕಾರಿ ಕೇಂದ್ರದ ತಾಳ್ಮೆ ಕೂಡಿ ಹುಟ್ಟಿದ ಈ ಗಿಡ ಮಲೆನಾಡಿನ ಎಷ್ಟೋ ಮನೆಗಳ ಒಲೆ ಆರದಂತೆ ಕಾಯ್ದಿದೆ.

ಬೆಳೆ ಉಳಿದರೆ ಸಾಲದು, ಬೆಲೆಯೂ ಸಿಗಬೇಕು. ಅದಕ್ಕೆಂದೇ ಅಡಿಕೆ ಬೆಳೆಗಾರರು 1939ರಲ್ಲಿ ಶಿವಮೊಗ್ಗದಲ್ಲಿ ‘ಮ್ಯಾಮ್ಕೋಸ್’ ಸಹಕಾರ ಸಂಘವನ್ನು ಕಟ್ಟಿಕೊಂಡರು.

ಇಷ್ಟಾದರೂ ಶೃಂಗೇರಿ, ಕೊಪ್ಪದ ಕಣಿವೆಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ನುಂಗುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಕೈವಾಡವಿದೆಯೆಂದು ತಿಳಿದಿದೆ, ಬೋರ್ಡೋದಂಥ ಮದ್ದು ಮಾತ್ರ ದೊರೆತಿಲ್ಲ. ಸತ್ತ ತೋಟದ ನಡುವೆ ಹಸಿರಾಗಿ ನಿಂತ ಒಂದೆರಡು ಮರಗಳ ಮೇಲೆ ಈಗ ವಿಜ್ಞಾನಿಗಳ ಕಣ್ಣು. ಅವು ಯಾವುವು, ಎಷ್ಟು ವರ್ಷದಿಂದ ತಡೆದು ನಿಂತಿವೆ ಎಂಬುದನ್ನು ಆ ತೋಟದವರೇ ಹೇಳಬೇಕು. ಅಂಥ ಮರದಿಂದ ಪಡೆದ ಸಸಿ ಫಲಕ್ಕೆ ಬರಲು ಐದಾರು ವರ್ಷ ಹಿಡಿಯುತ್ತದೆ. ಅದು ರೋಗಕ್ಕೆ ಬಗ್ಗುವುದೋ ಇಲ್ಲವೋ ತಿಳಿಯಲು ಮತ್ತಷ್ಟು ಮಳೆಗಾಲಗಳು ಬೇಕು.