ಕಾರ್ಟರ್ ಕುಟುಂಬದ ಹಾಡುಗಳು

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನು ಅಮೆರಿಕದಿಂದ ಬಂದಾಗ ಒಂದು ಹಾಡಿನ ಸಿ.ಡಿ.ಯನ್ನು ತಂದುಕೊಟ್ಟನು. "ಮೇಷ್ಟ್ರೇ, ಇದು ಅಲ್ಲಿನ ಹಳ್ಳಿಗರ ಹಾಡು. ನೀವು ನಮ್ಮಿಂದ ಬರೆಸುತ್ತಿದ್ದ ಬೀಸುವ ಪದಗಳು ನೆನಪಾದವು" ಎಂದನು. ಅಂದಿನಿಂದ ಕಾರ್ಟರ್ ಕುಟುಂಬದ ಕಥೆಯನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ.

ವರ್ಜೀನಿಯಾ ರಾಜ್ಯದ ಗುಡ್ಡಗಾಡಿನಲ್ಲಿ ಮೇಸಸ್ ಸ್ಪ್ರಿಂಗ್ ಎಂಬ ಹಳ್ಳಿಯಿದೆ. ಎ. ಪಿ. ಕಾರ್ಟರ್ ಅಲ್ಲಿಯವನು. ಅವನ ಹೆಂಡತಿ ಸಾರಾ. ಅವನ ತಮ್ಮನ ಹೆಂಡತಿ ಮೇಬೆಲ್. ಈಕೆ ಸಾರಾಳಿಗೆ ಬಂಧುವೂ ಹೌದು, ಓರಗಿತ್ತಿಯೂ ಹೌದು. 1927ರಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತನು ಬ್ರಿಸ್ಟಲ್ ಪಟ್ಟಣದಲ್ಲಿ ಧ್ವನಿಮುದ್ರಣ ಏರ್ಪಡಿಸಿದಾಗ ಈ ಮೂವರು ಹೋಗಿ ಆಗಸ್ಟ್ 1 ಮತ್ತು 2ರಂದು ಆರು ಹಾಡುಗಳನ್ನು ಹಾಡಿದರು. ಹದಿನೆಂಟರ ಮೇಬೆಲ್ ಆಗ ತುಂಬು ಗರ್ಭಿಣಿ. ಹಾಡೊಂದಕ್ಕೆ ಸಿಕ್ಕ ಸಂಭಾವನೆ 50 ಡಾಲರು.

ಸಾರಾ ಮುಖ್ಯ ಗಾಯಕಿ, ಆಟೋಹಾರ್ಪ್ ನುಡಿಸುತ್ತಿದ್ದಳು. ಮೇಬೆಲ್ ಗಿಟಾರಿನ ಮಂದ್ರ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗವನ್ನು ನುಡಿಸುತ್ತಲೇ ಉಳಿದ ಬೆರಳುಗಳಿಂದ ಮೇಲಿನ ತಂತಿಗಳಲ್ಲಿ ಲಯ ಹಿಡಿಯುತ್ತಿದ್ದಳು. ಅದುವರೆಗೆ ಹಿಮ್ಮೇಳದಲ್ಲಿದ್ದ ಗಿಟಾರು ಹೀಗೆ ಮುಮ್ಮೇಳಕ್ಕೆ ಬಂದಿತು. 1928ರಲ್ಲಿ ಮುದ್ರಿತವಾದ 'ವೈಲ್ಡ್‌ವುಡ್ ಫ್ಲವರ್' ಇದಕ್ಕೆ ಪ್ರಸಿದ್ಧ ಉದಾಹರಣೆ. 1941ರವರೆಗೆ ಅವರು ಮುದ್ರಿಸಿದ ಹಾಡುಗಳ ಸಂಖ್ಯೆ 300ರ ಆಸುಪಾಸು.

ಇಷ್ಟು ಹಾಡುಗಳು ಎಲ್ಲಿಂದ ಬಂದವು? ಎ. ಪಿ. ಕಾರ್ಟರ್ ಊರೂರು ತಿರುಗಿ ಅವುಗಳನ್ನು ಸಂಗ್ರಹಿಸುತ್ತಿದ್ದನು. ಪದಗಳನ್ನು ಬರೆದುಕೊಳ್ಳಬಹುದು, ಧಾಟಿಯನ್ನು ಹೇಗೆ ಬರೆದುಕೊಳ್ಳುವುದು? ಅದಕ್ಕೆ ನೆರವಾದವನು ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುಗಾರ. ಸಿಮೆಂಟು ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದ ಈತನು ಕಾರ್ಟರನ ಜೊತೆ ತಿರುಗಿ, ಕೇಳಿದ ಧಾಟಿಗಳನ್ನು ನೆನಪಿನಲ್ಲಿಟ್ಟುಕೊಂಡು ಮನೆಯವರಿಗೆ ನುಡಿಸಿ ತೋರಿಸುತ್ತಿದ್ದನು. ಮೇಬೆಲ್ ಕೂಡ ಅವನಿಂದ ಕಲಿತಳು. ಕರಿಯರೂ ಬಿಳಿಯರೂ ಒಂದೇ ಪಂಕ್ತಿಯಲ್ಲಿ ಕೂರದಿದ್ದ ಕಾಲವದು. ಆದರೆ ಗ್ರಾಮಫೋನ್ ತಟ್ಟೆಗಳ ಮೇಲೆ ಅಚ್ಚಾದದ್ದು ಕಾರ್ಟರನ ಹೆಸರು ಮಾತ್ರ. 1960ರ ದಶಕದಲ್ಲಿ ಮೈಕ್ ಸೀಗರ್ ಎಂಬ ಗಾಯಕನು ಹುಡುಕಿಕೊಂಡು ಹೋದ ಬಳಿಕವೇ ರಿಡಲನ ಸ್ವಂತ ಗಾಯನ ಮುದ್ರಣಗೊಂಡಿತು.

ಎ. ಪಿ. ಮತ್ತು ಸಾರಾ 1930ರ ದಶಕದಲ್ಲಿ ಬೇರೆಯಾದರು. ಆದರೂ ಕೂಡಿ ಹಾಡುವುದನ್ನು ಬಿಡಲಿಲ್ಲ. 1938ರಿಂದ ಮೆಕ್ಸಿಕೋ ಗಡಿಯ ಪ್ರಬಲ ರೇಡಿಯೋ ಕೇಂದ್ರವೊಂದು ಅವರ ದನಿಯನ್ನು ಅಮೆರಿಕದ ಉದ್ದಗಲಕ್ಕೂ ಮುಟ್ಟಿಸಿತು. 1943ರಲ್ಲಿ ತಂಡ ಚದುರಿತು. ಮೇಬೆಲ್ ತನ್ನ ಹೆಣ್ಣುಮಕ್ಕಳೊಡನೆ ಹಾಡಿಕೆಯನ್ನು ಮುಂದುವರಿಸಿದಳು. ಎ. ಪಿ. ಊರಿಗೆ ಮರಳಿ ಅಂಗಡಿಯಿಟ್ಟುಕೊಂಡು, 1960ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ನಂತರ ಅಮೆರಿಕದ ಕಂಟ್ರಿ ಸಂಗೀತದ ಗೌರವ ಮಂದಿರದಲ್ಲಿ ಈ ಕುಟುಂಬಕ್ಕೆ ಸ್ಥಾನ ದೊರೆಯಿತು.

ಕಾರ್ಟರ್ ಸಂಗ್ರಹಿಸದೇ ಇದ್ದಿದ್ದರೆ ಎಷ್ಟೋ ಹಾಡುಗಳು ಹಾಡಿದವರೊಡನೆಯೇ ಮಣ್ಣಾಗುತ್ತಿದ್ದವು. ಅವನ ಉಪಕಾರ ದೊಡ್ಡದು. ಆದರೂ ರಿಡಲನ ಕಥೆಯನ್ನು ಓದಿದ ರಾತ್ರಿ ನಾನು ಅಟ್ಟದಿಂದ ನನ್ನ ಹಳೆಯ ನೋಟುಪುಸ್ತಕಗಳನ್ನು ಇಳಿಸಿ ನೋಡಿದೆನು. ನೀವೆಲ್ಲ ಅಜ್ಜಿಯರಿಂದ, ಅತ್ತೆಯರಿಂದ ಕೇಳಿ ಬರೆದು ತಂದ ಪದಗಳು ಅದರಲ್ಲಿವೆ. ಪ್ರತಿ ಪುಟದ ಕೆಳಗೆ 'ಸಂಗ್ರಹ' ಎಂದು ನನ್ನ ಹೆಸರಿದೆ. ಹಾಡಿದ ತಾಯಂದಿರಲ್ಲಿ ಒಬ್ಬರ ಹೆಸರೂ ಇಲ್ಲ. ಬರೆದುಕೊಳ್ಳಬೇಕೆಂದು ನನಗೆ ಆಗ ತೋಚಲೇ ಇಲ್ಲ. ಕಾರ್ಟರನನ್ನು ದೂರುವ ಅಧಿಕಾರ ನನಗೆಲ್ಲಿಂದ ಬರಬೇಕು?

ಇದನ್ನು ಓದುತ್ತಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ. ನೀವು ತಂದ ಪದವನ್ನು ಹೇಳಿಕೊಟ್ಟವರು ಯಾರೆಂದು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ನೋಟುಪುಸ್ತಕದ ಅಂಚಿನಲ್ಲಿ ಇನ್ನೂ ಜಾಗವಿದೆ.